ನಕ್ಷೆಗೆ ಸಿಗದ ಗಂಡ

ಊರಿಗೆಲ್ಲ ಜಾಗ ಹಂಚುವ ನನಗೆ ನನ್ನ ಮನೆಯಲ್ಲೇ ಕೂರಲು ಜಾಗವಿಲ್ಲ. ಈ ಗೋಳನ್ನು ಯಾರ ಹತ್ತಿರ ತೋಡಿಕೊಳ್ಳಲಿ? ನಗರ ಯೋಜನಾ ಕಚೇರಿಯಲ್ಲಿ ಕೂತು, ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಉದ್ಯಾನ ಎಂದು ನಕ್ಷೆಗೆ ಬಣ್ಣ ಹಚ್ಚುವುದು ನನ್ನ ಕೆಲಸ. ಮನೆಯಲ್ಲಿ ನನ್ನದು ಅಂತ ಇದ್ದದ್ದು ಕಿಟಕಿ ಪಕ್ಕದ ಆರಾಮಕುರ್ಚಿಯೊಂದೇ. ಸಂಜೆ ಬಂದು ನೋಡಿದರೆ ಅದರ ಮೇಲೂ ಒಣಗಿದ ಬಟ್ಟೆಯ ಗುಡ್ಡ.

ಕುರ್ಚಿ ಉಳಿಸಿಕೊಳ್ಳಲು ದಿವ್ಯವಾದ ಉಪಾಯವೊಂದು ಹೊಳೆಯಿತು. (ನನಗೆ ಹೊಳೆಯುವ ಉಪಾಯಗಳೆಲ್ಲ ದಿವ್ಯವೇ, ಫಲದ ಮಾತು ಬೇರೆ.)

"ಈ ಮನೆಗೂ ಒಂದು ಮಹಾಯೋಜನೆ ಮಾಡ್ತೀನಿ. ಯಾವ ಜಾಗ ಯಾವುದಕ್ಕೆ ಅಂತ ಒಂದ್ಸಲ ಗೊತ್ತುಮಾಡಿದ್ರೆ ಜಗಳವೇ ಇರಲ್ಲ," ಎಂದು ಘೋಷಿಸಿದೆ.

"ಮೊದ್ಲು ಆ ಬಟ್ಟೆ ಮಡಚಿಡಿ, ಜಗಳ ತಾನಾಗೇ ಇರಲ್ಲ," ಎಂದಳು ನನ್ನಾಕೆ.

ಭಾನುವಾರ ಟೇಪು, ಪೆನ್ಸಿಲ್ಲು ಹಿಡಿದು ಸಮೀಕ್ಷೆಗೆ ಇಳಿದೆ. ಹೇಗಿರಬೇಕು ಎನ್ನುವ ಮೊದಲು ಈಗ ಹೇಗಿದೆ ಎಂದು ಬರೆದುಕೊಳ್ಳಬೇಕು; ಅದು ನಮ್ಮ ವೃತ್ತಿಯ ಮೊದಲ ಪಾಠ. ಸೋಫಾದಲ್ಲಿ ಮಗಳು ಮಲಗಿದ್ದಳು, ಬರೆದುಕೊಂಡೆ. ಊಟದ ಮೇಜಿನ ಮೇಲೆ ನನ್ನಾಕೆ ಇಸ್ತ್ರಿ ಹಾಕುತ್ತಿದ್ದಳು, ಬರೆದುಕೊಂಡೆ. ನಾನು ಟೇಪು ಎಳೆಯುತ್ತಾ ನಿಂತಿದ್ದೆನಲ್ಲ, ಅಷ್ಟರಲ್ಲಿ ಆರಾಮಕುರ್ಚಿ ಕೈತಪ್ಪಿತ್ತು. ನಮ್ಮ ಜೊತೆಗೇ ಇರುವ ಅತ್ತೆ, ಬಟ್ಟೆ ಪಕ್ಕಕ್ಕೆ ಸರಿಸಿ ಅದರಲ್ಲಿ ಕೂತು ಪೇಪರ್ ಓದುತ್ತಿದ್ದರು. ಸತ್ಯಹರಿಶ್ಚಂದ್ರನ ಮೊಮ್ಮಗನಂತೆ ಅದನ್ನೂ ಬರೆದುಕೊಂಡೆ.

ಬರೆದುಕೊಂಡಿದ್ದನ್ನೆಲ್ಲ ನಕ್ಷೆ ಮಾಡಿ, ಬಣ್ಣ ಹಚ್ಚಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಕೆಳಗೆ, 'ಆಕ್ಷೇಪಣೆಗೆ ಒಂದು ವಾರ ಅವಕಾಶ.' ಆಮೇಲೆ ಎರಡನೆಯ ನಕ್ಷೆ ಬರೆದು ಕುರ್ಚಿಯನ್ನು ನನ್ನ ಹೆಸರಿಗೆ ಮಾಡಿಕೊಳ್ಳುವುದು ನನ್ನ ಹುನ್ನಾರ.

ವಾರ ಕಳೆಯಿತು. "ಯಾರದ್ದೂ ತಕರಾರಿಲ್ಲ. ನಕ್ಷೆ ಪಾಸು," ಎಂದಳು ನನ್ನಾಕೆ.

"ಅಯ್ಯೋ, ಅದು ಈಗ ಹೇಗಿದೆ ಅನ್ನೋ ನಕ್ಷೆ ಕಣೇ!"

"ಈಗ ಇರೋದೇ ನಮಗೆಲ್ಲ ಒಪ್ಪಿಗೆ. ವಾಯಿದೆ ಮುಗಿದ್ಮೇಲೆ ಬಂದ್ರೆ ಏನೂ ಮಾಡಕ್ಕಾಗಲ್ಲ ಅಂತ ಮೊನ್ನೆ ಫೋನಲ್ಲಿ ಯಾರಿಗೋ ಗದರಿಸ್ತಿದ್ರಲ್ಲ?"

ಮಗಳು ನಕ್ಷೆಯ ಮೇಲೆ ಬೆರಳಾಡಿಸಿದಳು. "ಅಪ್ಪಾ, ಇದ್ರಲ್ಲಿ ನೀನೆಲ್ಲಿ?"

ಹುಡುಕಿದೆ. ಪೊರಕೆಗೂ ಒಂದು ಮೂಲೆಯಿತ್ತು. ನಾನಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು ಎನ್ನುತ್ತಾರಲ್ಲ, ಹಾಗೆ ಟೇಪು ಹಿಡಿದವನು ನಕ್ಷೆಗೆ ಸಿಗುವುದಿಲ್ಲ. ನನಗೆ ನಿಜವಾಗಿಯೂ ಅಳು ಬಂತು.

ಅತ್ತೆಗೆ ಕನಿಕರ ಹುಟ್ಟಿತು. "ಹೋಗ್ಲಿ ಬಿಡಿ ಅಳಿಯಂದ್ರೇ, ಇದನ್ನ ತಿದ್ದೋದು ಯಾವಾಗ?"

"ಹತ್ತು ವರ್ಷಕ್ಕೊಮ್ಮೆ," ಎಂದಿತು ನನ್ನ ಹಾಳು ಬಾಯಿ, ಕಚೇರಿಯ ಅಭ್ಯಾಸದಿಂದ.

"ಹಾಗಾದ್ರೆ ಅಲ್ಲೀವರೆಗೂ ನಾನು ಗಟ್ಟಿಯಾಗಿರ್ಬೇಕು," ಎನ್ನುತ್ತಾ ಅವರು ಕುರ್ಚಿಯಲ್ಲಿ ಇನ್ನಷ್ಟು ಒರಗಿದರು.

ಈಗ ನನಗೆ ಅಡುಗೆಮನೆ ಬಾಗಿಲ ಬಳಿಯ ಸ್ಟೂಲೇ ಗತಿ. ನಿನ್ನೆ ನನ್ನಾಕೆ ಬಟ್ಟೆಯ ರಾಶಿ ಹೊತ್ತು ಬಂದಳು. "ಸ್ವಲ್ಪ ಏಳ್ತೀರಾ? ನಿಮ್ಮ ನಕ್ಷೆ ಪ್ರಕಾರ ಇದು ರಸ್ತೆ."

ಎದ್ದೆ. ಕುರ್ಚಿಯಲ್ಲಿ ಅವಳ ಅಮ್ಮ ಇದ್ದರು. ಅವಳು ಸುತ್ತಲೂ ನೋಡಿ, ರಾಶಿಯನ್ನು ನನ್ನ ಸ್ಟೂಲಿನ ಮೇಲೆ ಸುರಿದು ಒಳಗೆ ಹೋದಳು. ನಾನು ಬಟ್ಟೆ ಮಡಚಲು ಶುರುಮಾಡಿದೆ, ನಿಂತುಕೊಂಡೇ.