ಹೊಲವಿಲ್ಲದ ಅತ್ತೆಯ ಕೃಷಿ ಹೊಂಡ

ನಮ್ಮ ಸೋದರತ್ತೆಯ ಹೆಸರಿನಲ್ಲಿ ಒಂದು ಗೇಣು ಹೊಲವಿಲ್ಲ. ವಡೋದರಾದ ಆಲ್ಕಾಪುರಿಯಲ್ಲಿ ಮಹಡಿಯ ಮೇಲೊಂದು ಮನೆ, ಬಾಲ್ಕನಿಯಲ್ಲೊಂದು ಕುಂಡ, ಕುಂಡದಲ್ಲಿ ಬದುಕಲೋ ಬೇಡವೋ ಎನ್ನುತ್ತಿರುವ ಪುದೀನ. ಅವರ ಬೇಸಾಯವೆಂದರೆ ಇಷ್ಟೇ! ಆದರೆ ರೈತರಿಗೆ ಸರ್ಕಾರ ಕೊಡುವ ಸಹಾಯಧನದ ಬಗ್ಗೆ ಕೇಳಿ ನೋಡಿ. ಹನಿ ನೀರಾವರಿ, ಬದು, ಕೃಷಿ ಹೊಂಡ ಎಲ್ಲದರ ಷರತ್ತುಗಳೂ ನಾಲಿಗೆಯ ತುದಿಯಲ್ಲಿವೆ. ನಿವೃತ್ತಿಯಾದ ಮೇಲೆ ಎಲ್ಲರ ಅತ್ತೆಯರೂ ಕಾಶಿಗೆ ಹೋಗುತ್ತಾರೆ. ನಮ್ಮ ಅತ್ತೆ ಕೃಷಿ ಕಚೇರಿಗೆ ಹೋದರು!

ಧಾರವಾಡದಲ್ಲಿ ಹುಟ್ಟಿ, ರೈಲ್ವೆ ನೌಕರಿಗಾಗಿ ಗುಜರಾತಿಗೆ ಬಂದವರು. ಇದೆಂಥ ಹುಚ್ಚು ಎಂದು ಒಮ್ಮೆ ಕೇಳಿದೆ.

"ಸರಕಾರ ಕೊಡತೇನಿ ಅಂತದ, ರೈತ ಬೇಕು ಅಂತಾನ. ನಡುವ ಒಂದು ಬಾಗಲಾ ಅದ ನೋಡೋ ತಮ್ಮಾ. ಅದನ್ನ ಬಡಿಯೋರು ಬೇಕಲ್ಲ?"

ಬಡಿಯುವುದರಲ್ಲಿ ಅವರಿಗೆ ಹೊತ್ತುಗೊತ್ತಿಲ್ಲ. ಅಹಮದಾಬಾದಿನಲ್ಲಿ ನಮ್ಮ ಕಡೆಯ ಹುಡುಗಿಯೊಬ್ಬಳ ಮದುವೆ. ಊಟದ ಪಂಕ್ತಿಯಲ್ಲಿ ವರನ ತಂದೆಯ ಪಕ್ಕದಲ್ಲೇ ಅತ್ತೆ ಕೂತರು. "ಊರಾಗ ಹೊಲಾ ಅದ ಏನ್ರಿ? ನೀರಿನ ಅನುಕೂಲ ಹೆಂಗ?" ಎಂದು ಶುರು. ಹೆಣ್ಣಿನ ಕಡೆಯವರು ಈಗ ಆಸ್ತಿ ವಿಚಾರಿಸುತ್ತಿದ್ದಾರೆಂದು ಆ ಮನುಷ್ಯ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಬೆವರಿದರು. ಸಂಜೆಯ ಹೊತ್ತಿಗೆ ನಿಜ ತಿಳಿಯಿತು. ಮರುವರ್ಷ ಅವರ ಹೊಲಕ್ಕೆ ಹನಿ ನೀರಾವರಿಯೂ ಬಂತು! ಈಗ ಅವರು ಸೊಸೆಗಿಂತ ನಮ್ಮ ಅತ್ತೆಯ ಯೋಗಕ್ಷೇಮವನ್ನೇ ಹೆಚ್ಚು ವಿಚಾರಿಸುತ್ತಾರಂತೆ.

ಆದರೆ ಅತ್ತೆಯ ಮಹಾಯುದ್ಧ ನಡೆದದ್ದು ಸವಿತಾಬೆನ್‌ಗಾಗಿ. ವಡೋದರಾದಾಚೆಯ ಹಳ್ಳಿಯಿಂದ ಬಂದು ಅತ್ತೆಯ ಬೀದಿಯಲ್ಲಿ ಬದನೆಕಾಯಿ ಮಾರುವ ಹೆಂಗಸು. ಹೊಲವಿತ್ತು, ಮಳೆಗಾಲ ಮುಗಿದರೆ ನೀರಿರಲಿಲ್ಲ. ಹಾಗಾಗಿ ಗಂಡ ಸೂರತ್ತಿನ ಅಡಾಜಣ್‌ನಲ್ಲಿ ಅಪಾರ್ಟ್‌ಮೆಂಟೊಂದರ ಕಾವಲುಗಾರ. ಮನೆಗೆ ಬರುವುದು ಹೋಳಿ ಹಬ್ಬಕ್ಕೆ, ದೀಪಾವಳಿಗೆ.

"ಒಂದು ಹೊಂಡ ಆದ್ರ ಎರಡನೇ ಬೆಳಿ ಬರ್ತದ. ಬೆಳಿ ಬಂದ್ರ ಗಂಡ ಬರ್ತಾನ," ಎಂದು ಅತ್ತೆ ತೀರ್ಪು ಕೊಟ್ಟರು. ಅರ್ಜಿ ಹೋಯಿತು. ಸ್ಥಳ ನೋಡಲು ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬಂದರು. ಸಜ್ಜನರು, ಆದರೆ ಹಟಮಾರಿ. "ಇಳಿಜಾರು ಆ ಕಡೆಗಿದೆ ಮಾಸಿ. ಇಲ್ಲಿ ಹೊಂಡ ತೋಡಿದರೆ ನೀರು ಬರುವುದಿಲ್ಲ," ಎಂದರು. ಬೇರೆ ಕಡೆ ತೋಡೋಣವೆಂದರೆ ಅದು ಪಕ್ಕದವರ ಹೊಲ!

ಅತ್ತೆ ನನಗೆ ಫೋನು ಮಾಡಿದರು. ನಾನು ಅಹಮದಾಬಾದಿನಲ್ಲಿ ಉಪಗ್ರಹ ಚಿತ್ರಗಳನ್ನು ನೋಡುವ ಕೆಲಸದವನು. ಇಳಿಜಾರಿನ ನಕಾಶೆ ತೆಗೆದುಕೊಡುತ್ತೇನೆ ಎಂದೆ.

"ನಿನ್ನ ಉಪಗ್ರಹ ಮ್ಯಾಲಿಂದ ನೋಡತದ. ನೀರು ಕೆಳಗ ಹರೀತದ. ನೀರನ್ನ ಕೇಳೂಣು, ನೀ ಸುಮ್ಮನ ಬಾ!"

ಹೋದೆ. ಹೊಲದ ಮೇಲ್ತುದಿಯಲ್ಲಿ ನೀರಿನ ಟ್ಯಾಂಕರು ನಿಂತಿತ್ತು! ಅಧಿಕಾರಿ ಹೊಂಡದ ಜಾಗದಲ್ಲೇ ಕೈಕಟ್ಟಿ ನಿಂತು, "ನೀರು ಇಲ್ಲಿಗೆ ಬಂದರೆ ಇಲ್ಲೇ ಒಪ್ಪಿಗೆ ಕೊಡುತ್ತೇನೆ," ಎಂದರು. ಅತ್ತೆ ಕೈ ಬೀಸಿದರು. ನೀರು ಧುಮ್ಮಿಕ್ಕಿತು. ಬೇಸಿಗೆಯ ಕಪ್ಪು ಮಣ್ಣು ಬಾಯಿಬಿಟ್ಟುಕೊಂಡು ಕಾದಿತ್ತು ನೋಡಿ, ಅಷ್ಟನ್ನೂ ಗಟಗಟ ಕುಡಿದು ತೇಗಿತು! ಒಂದು ಹನಿಯೂ ಮುಂದೆ ಬರಲಿಲ್ಲ. ಅಧಿಕಾರಿ ಮುಗುಳ್ನಕ್ಕರು. ಸವಿತಾಬೆನ್ ತಲೆ ತಗ್ಗಿಸಿದಳು. ನನಗೋ, ಓಡಿಹೋಗಿ ಬಸ್ಸು ಹತ್ತಿಬಿಡೋಣ ಅನ್ನಿಸಿತು.

"ಪಾಪ, ನೆಲಕ್ಕ ನೀರಡಿಕಿ ಆಗಿತ್ತು," ಎಂದರು ಅತ್ತೆ. "ಇನ್ನೊಂದು ತರಸ್ರಿ!"

ಎರಡನೆಯ ಟ್ಯಾಂಕರು ಬಂತು. ಈ ಸಲ ನೀರು ನಿಲ್ಲಲಿಲ್ಲ. ಒಣಗಿ ನಿಂತ ಬದನೆಯ ಸಾಲು ದಾಟಿತು, ಬೇವಿನ ಮರ ಸುತ್ತಿತು, ಒಂದು ಕ್ಷಣ ಆ ಕಡೆಯೋ ಈ ಕಡೆಯೋ ಎಂದು ಯೋಚಿಸಿತು. ಮರುಕ್ಷಣ ಹಾವಿನಂತೆ ತಿರುಗಿ ನೇರವಾಗಿ ಅಧಿಕಾರಿಯ ಕಡೆಗೇ ಹರಿದು, ಫಳಫಳ ಹೊಳೆಯುವ ಅವರ ಬೂಟುಗಳನ್ನು ಮುಳುಗಿಸಿತು!

ಅತ್ತೆ ಹಿಂದಿ, ಗುಜರಾತಿ, ಧಾರವಾಡದ ಕನ್ನಡ ಮೂರನ್ನೂ ಕಲಸಿ ಕೂಗಿದರು: "ಸಾಹೇಬ್ರ, ನೀರು ತಾನಾಗಿ ಬಂದು ನಿಮ್ಮ ಕಾಲಿಗೆ ಬಿತ್ತು. ಇನ್ನರ ಆಶೀರ್ವಾದ ಮಾಡ್ರಿ!"

ಅಧಿಕಾರಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನೀರಿನಲ್ಲೇ ನಿಂತು ಒಪ್ಪಿಗೆ ಕೊಟ್ಟರು. ನೆರೆದಿದ್ದ ಹೆಂಗಸರು ಚಪ್ಪಾಳೆ ತಟ್ಟುತ್ತ ಗರ್ಬಾ ಶುರು ಮಾಡಿಯೇಬಿಟ್ಟರು. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಅತ್ತೆಯೂ ಕುಣಿದರು. ಎಲ್ಲರೂ ಬಲಕ್ಕೆ ಸುತ್ತಿದರೆ ಅವರೊಬ್ಬರೇ ಎಡಕ್ಕೆ!

ಮಳೆಗಾಲದಲ್ಲಿ ಹೊಂಡ ತುಂಬಿತು. ಅದನ್ನು ನೋಡಲೆಂದು ನಾವಿಬ್ಬರೂ ಹೋದ ದಿನವೇ ಸವಿತಾಬೆನ್‌ಳ ಗಂಡ ಸೂರತ್ತಿನಿಂದ ಹಾಸಿಗೆ ಸುತ್ತಿಕೊಂಡು ಬಂದಿಳಿದ, ಕೆಲಸ ಬಿಟ್ಟು. ಹೊಂಡದ ದಂಡೆಯಲ್ಲಿ ನಿಂತು ನೀರು ನೋಡಿದ, ಆಮೇಲೆ ಹೆಂಡತಿಯನ್ನು ನೋಡಿದ. "ಊಟ ಮಾಡ್ತೀಯಾ?" ಎಂದಷ್ಟೇ ಕೇಳಿದಳು ಅವಳು.

ಅತ್ತೆ ನನ್ನ ರಟ್ಟೆ ಹಿಡಿದೆಳೆದರು. "ನಡೀ, ಬಸ್ ತಪ್ಪತದ."

"ಬಸ್ಸಿಗೆ ಇನ್ನೂ ಬಹಳ ಹೊತ್ತಿದೆ ಅತ್ತೆ."

"ತಪ್ಪತದ ಅಂದೆನಲ್ಲ!"

ರಸ್ತೆಬದಿಯ ಕಲ್ಲಿನ ಮೇಲೆ ಕೂತೆವು. ಅತ್ತೆ ಹೊಲದ ಕಡೆಗೇ ನೋಡುತ್ತಿದ್ದರು. ಆಮೇಲೆ ಮೆಲ್ಲಗೆ ಹೇಳಿದರು: "ನಿಮ್ಮ ಮಾಮಾ ಹುಬ್ಬಳ್ಳ್ಯಾಗ, ನಾ ಇಲ್ಲೆ. ನೌಕರಿ ಮುಗಿದ ಮ್ಯಾಲ ಒಂದೇ ಮನ್ಯಾಗ ಇರೂಣು ಅಂತಿದ್ವಿ. ರಿಟೈರ್ ಆದ ವರ್ಷನ ಹೋಗಿಬಿಟ್ರು."

ಅಷ್ಟರಲ್ಲಿ ಹೊಲದ ಕಡೆಯಿಂದ ತೆಳ್ಳಗೆ ಹೊಗೆ ಎದ್ದಿತು.

"ಅಕಿ ಒಲಿ ಹಚ್ಚಿದ್ಲು ನೋಡು," ಎಂದರು ಅತ್ತೆ. ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕರು. "ಇವತ್ತ ಇಬ್ಬರಿಗೂ ಕೂಡೇ ಅಡಿಗಿ."