ನನಗಿಲ್ಲದ ಸಕ್ಕರೆ ಕಾಯಿಲೆಯನ್ನು ವಾಪಸು ಪಡೆಯುವ ಬಗ್ಗೆ

ಇಂದ:
ಲಕ್ಷ್ಮೀನರಸಿಂಹ,
ಸಂಶೋಧನಾ ಸಹಾಯಕ (ಸದ್ಯ ಕಡ್ಡಾಯ ರಜೆ),
ಪ್ರಯೋಗಾಲಯ, ಪುಟ್ಟಬಸಮ್ಮ ಧರ್ಮಾಸ್ಪತ್ರೆ, ಮೈಸೂರು.

ಗೆ:
ಸೂಪರಿಂಟೆಂಡೆಂಟರು,
ಅದೇ ಆಸ್ಪತ್ರೆ.

ದಿನಾಂಕ: 12-10-1961

ವಿಷಯ: ಇಲ್ಲದ ಕಾಯಿಲೆಗಾಗಿ ನನ್ನನ್ನು ಮನೆಗೆ ಕಳುಹಿಸಿರುವುದು.

ಉಲ್ಲೇಖ: ತಮ್ಮ ಮೆಮೋ, ತಾ. 3-10-1961.

ಮಾನ್ಯರೇ,

ತಮ್ಮಲ್ಲಿ ರಕ್ತಪರೀಕ್ಷೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು ಹದಿಮೂರು ವರ್ಷದಿಂದ ನನ್ನ ಕೆಲಸ. ನಿಜವಾಗಿ ನೋಡಿಬಿಟ್ಟದ್ದು ನನ್ನ ತಪ್ಪು. ವಿವರ ಕೆಳಕಂಡಂತೆ:

1. ನಜರ್‌ಬಾದಿನ ಬೆಟ್ಟಮ್ಮ ಎಂಬುವರು ಕಾಲಿನ ಹುಣ್ಣು ಮಾಯದೆ ಐದು ತಿಂಗಳು ನಮ್ಮಲ್ಲಿಗೆ ಅಲೆದರು. ಡಾಕ್ಟರು ಚೀಟಿಯಲ್ಲಿ "ನಿಶ್ಶಕ್ತಿ" ಎಂದು ಬರೆದರು. ಪ್ರಯೋಗಾಲಯವು ಐದು ಸಲವೂ ರಕ್ತದ ಸಕ್ಕರೆ ತೊಂಬತ್ತೈದು, ಅಂದರೆ ಏನೂ ತೊಂದರೆಯಿಲ್ಲ, ಎಂದು ಬರೆಯಿತು. ಮನುಷ್ಯರ ರಕ್ತ ಅಷ್ಟು ಶಿಸ್ತಿನದಲ್ಲ. ಆರನೆಯ ಸಲ ನಾನೇ ಪರೀಕ್ಷಿಸಿದೆ. ಮುನ್ನೂರ ಹತ್ತು. ಅಷ್ಟರಲ್ಲಿ ಕಾಲು ಕೊಳೆತಿತ್ತು, ಮೊಣಕಾಲಿನ ಕೆಳಗೆ ಕತ್ತರಿಸಿದರು. ಅಂದು ನಾನು ಬಾಟಲು ತೊಳೆಯುವ ತೊಟ್ಟಿಯ ಹತ್ತಿರ ನಿಂತು ಅತ್ತೆ. ಇದಕ್ಕೆ ದಾಖಲೆ ಇಲ್ಲ.

2. ಕಾರಣ ಕೇಳಲಾಗಿ, ಪರೀಕ್ಷೆ ಮಾಡುವ ಮಹದೇವು ಹೇಳಿದ್ದು: "ಡಾಕ್ಟ್ರೇ ನಿಶ್ಶಕ್ತಿ ಅಂತ ಬರ್ದವ್ರೆ. ನಾವು ಸಕ್ಕರೆ ಕಾಯ್ಲೆ ಅಂದ್ಬುಟ್ರೆ ಅವ್ರ ಮರ್ಯಾದೆ ಏನಾಗ್ಬೇಕು ಸ್ವಾಮಿ?" ಮೊದಲು ಚೀಟಿ ಓದಿ, ಆಮೇಲೆ ಅಂಕಿ ಬರೆದು, ಪುರುಸೊತ್ತಿದ್ದರೆ ರಕ್ತ ನೋಡುವುದು ನಮ್ಮ ಪದ್ಧತಿ ಎಂದು ತಿಳಿದುಬಂತು.

3. ಆದ್ದರಿಂದ ನನ್ನ ರಕ್ತವನ್ನೇ ತೆಗೆದು ಎರಡು ಬಾಟಲಿಗೆ ಹಂಚಿದೆ. ಒಂದಕ್ಕೆ ಬೇರೆ ಹೆಸರು ಹಾಕಿ, ಚೀಟಿಯಲ್ಲಿ "ಕೆಲಸಕ್ಕೆ ಸೇರುವವರು, ಆರೋಗ್ಯ ಸರ್ಟಿಫಿಕೇಟಿಗಾಗಿ" ಎಂದು ಬರೆದೆ. ಇನ್ನೊಂದಕ್ಕೆ ನನ್ನ ಹೆಸರು, "ಸಕ್ಕರೆ ಕಾಯಿಲೆಯ ಶಂಕೆ". ಒಂದೇ ತೋಳಿನ ರಕ್ತ ಅಲ್ಲಿ ತೊಂಬತ್ತು, ಇಲ್ಲಿ ಇನ್ನೂರ ಎಂಬತ್ತು.

4. ಎರಡೂ ವರದಿಗಳನ್ನು ತಮ್ಮ ಮೇಜಿನ ಮೇಲಿಟ್ಟು ನಡೆದದ್ದನ್ನು ವಿವರಿಸಿದೆ. ತಾವು ಎರಡನೆಯದನ್ನು ಮಾತ್ರ ಓದಿ, "ಏನ್ರೀ, ಇಷ್ಟೊಂದು ಸಕ್ಕರೆ ಇಟ್ಕೊಂಡು ಓಡಾಡ್ತಿದೀರಲ್ರೀ! ಅದಕ್ಕೇ ನಿಮಗೆ ಇಂಥ ಅನುಮಾನ. ಹೋಗಿ ಮಲಕ್ಕೊಳ್ಳಿ" ಎಂದಿರಿ. ತಮ್ಮ ಕರುಣೆಗೆ ಋಣಿ. ತಮ್ಮ ಬುದ್ಧಿಯ ಬಗ್ಗೆ ಅಭಿಪ್ರಾಯ ಕೊಡುವ ದರ್ಜೆ ನನ್ನದಲ್ಲ.

5. ಕಾಯಿಲೆ ಇಲ್ಲವೆಂಬ ಸರ್ಟಿಫಿಕೇಟು ತಂದರೆ ಕೆಲಸಕ್ಕೆ ಸೇರಿಸುವುದಾಗಿಯೂ, ಅದು ನಮ್ಮ ಪ್ರಯೋಗಾಲಯದ್ದೇ ಆಗಿರತಕ್ಕದ್ದೆಂದೂ ಮೆಮೋ ಹೇಳುತ್ತದೆ. ಅದರಂತೆ ನಿನ್ನೆ ಅಲ್ಲಿಗೆ ಹೋಗಿದ್ದೆ. ಮಹದೇವು ಮೆಮೋ ಓದಿ ಕಣ್ಣಲ್ಲಿ ನೀರು ತಂದುಕೊಂಡ. "ಸಾಹೇಬ್ರೇ ಕಾಯ್ಲೆ ಅಂತ ಬರ್ದವ್ರಲ್ಲ, ನಾನೆಂಗೆ ಕಮ್ಮಿ ಮಾಡ್ಲಿ?" ಎಂದು ಇನ್ನೂರ ತೊಂಬತ್ತು ಬರೆದುಕೊಟ್ಟ. ರಕ್ತದ ಬಾಟಲು ಇನ್ನೂ ನನ್ನ ಕೈಯಲ್ಲೇ ಇತ್ತು.

ನಾನು ಮನೆಯಲ್ಲಿ ಮಲಗಿದರೆ ಮುಂದಿನ ಬೆಟ್ಟಮ್ಮನ ರಕ್ತವನ್ನು ನೋಡುವವರು ಯಾರೂ ಇಲ್ಲ. ಆದ್ದರಿಂದ ನನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಬೇಕಾಗಿ ಕೋರುತ್ತೇನೆ.

ಪ್ರಯೋಗಾಲಯದ ಅಂಕಿಗಳನ್ನು ಬಿಟ್ಟು ಮಿಕ್ಕೆಲ್ಲದರಲ್ಲೂ ತಮ್ಮ ವಿಶ್ವಾಸಿ,
ಲಕ್ಷ್ಮೀನರಸಿಂಹ

ಲಗತ್ತುಗಳು:
1. ನನ್ನ ರಕ್ತದ ವರದಿಗಳು, ಮೂರು.
2. ಬೆಟ್ಟಮ್ಮನವರ ವರದಿಗಳು, ಐದು (ಒಂದನ್ನು ಓದಿದರೆ ಸಾಕು).
3. ನನ್ನ ರಕ್ತ, ಒಂದು ಬಾಟಲು, ಇಂದು ಬೆಳಿಗ್ಗೆ ತೆಗೆದದ್ದು. ಹೆಸರಿಲ್ಲ, ಚೀಟಿಯಿಲ್ಲ.

ವಿ.ಸೂ.: ಮೂರನೆಯ ಲಗತ್ತನ್ನು ಕೂಡಲೇ ಪ್ರಯೋಗಾಲಯಕ್ಕೆ ಕಳುಹಿಸುವುದು. ಚೀಟಿಯಿಲ್ಲದೆ ಏನು ಬರೆಯಬೇಕೆಂದು ಅವರಿಗೆ ತೋಚದಿದ್ದಲ್ಲಿ, ಈ ಒಂದು ಸಲದ ಮಟ್ಟಿಗೆ, ರಕ್ತವನ್ನು ಪರೀಕ್ಷೆ ಮಾಡಲು ಅಪ್ಪಣೆಯಾಗಬೇಕು.