ನನ್ನ ದೂರನ್ನು ಓದಿ ಕಿತ್ತಳೆ ಬಣ್ಣ ನಿಲ್ಲಿಸಿದ ಮಹನೀಯರಿಗೆ

ಗುಣಮಟ್ಟ ವಿಭಾಗದ ಮುಖ್ಯಸ್ಥರು,
ಕಲಾವಿದರ ಬಣ್ಣಗಳ ಕಾರ್ಖಾನೆ, ಇವರಿಗೆ

ಮಾನ್ಯರೇ,

ತಮಗೂ, ತಮ್ಮ ಸಮಸ್ತ ಸಿಬ್ಬಂದಿಗೂ, ಟ್ಯೂಬಿನ ಮುಚ್ಚಳವನ್ನು ಮನುಷ್ಯಮಾತ್ರರಿಂದ ತೆರೆಯಲಾಗದಷ್ಟು ಬಿಗಿಯಾಗಿ ತಿರುಗಿಸುವ ಆ ಅಜ್ಞಾತ ಯಂತ್ರಕ್ಕೂ ನನ್ನ ಅನಂತಾನಂತ ನಮಸ್ಕಾರಗಳು. ತಾವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವಾಗಿಲ್ಲ, ಅದಕ್ಕೆ ತಾವೇ ಕಾರಣ, ಆ ವಿಷಯಕ್ಕೇ ಬರುತ್ತಿದ್ದೇನೆ.

ನಾನು ಇಪ್ಪತ್ತೆರಡು ವರ್ಷಗಳಿಂದ ಚಿತ್ರ ಬರೆಯುತ್ತಿರುವವನು. ಕಂದು, ಬೂದು, ಕಂದುಮಿಶ್ರಿತ ಬೂದು, ಮನಸ್ಸು ತೀರಾ ಉಲ್ಲಾಸವಾಗಿದ್ದ ದಿನ ಬೂದುಮಿಶ್ರಿತ ಕಂದು, ಇವಿಷ್ಟೇ ನನ್ನ ಬಣ್ಣಗಳು. ಗೆಳೆಯರು ನನ್ನನ್ನು ಮಬ್ಬು ಮಾಸ್ತರು ಎಂದು ಕರೆಯುತ್ತಾರೆ, ಎದುರಿಗೇ ಕರೆಯುತ್ತಾರೆ. ನನ್ನ ಚಿತ್ರಗಳು ಹೆಚ್ಚಾಗಿ ದಂತವೈದ್ಯರ ಕಾಯುವ ಕೋಣೆಗಳಲ್ಲಿ ತೂಗುತ್ತಿವೆ. ಅವನ್ನು ನೋಡುತ್ತ ಕೂತವರಿಗೆ ಒಳಗೆ ಹೋಗಿ ಹಲ್ಲು ಕೀಳಿಸಿಕೊಳ್ಳುವುದೇ ವಾಸಿ ಎನಿಸುತ್ತದಂತೆ. ಹೀಗೆಂದವಳು ನನ್ನ ಅಕ್ಕ.

ಹೋದ ವರ್ಷ ಬಣ್ಣದಂಗಡಿಯವರು ನನ್ನ ಕಂದುಗಳ ಜೊತೆ ತಮ್ಮ ಕಾರ್ಖಾನೆಯ, ಕಣ್ಣು ಕುಕ್ಕುವ ಫ್ಲೋರೆಸೆಂಟ್ ಅಕ್ರಿಲಿಕ್ ಕಿತ್ತಳೆಯ ಟ್ಯೂಬೊಂದನ್ನು, "ಹೊಸ್ದು ಸಾರ್, ಸುಮ್ನೆ ಇಟ್ಕೊಂಡಿರಿ" ಎಂದು ಚೀಲಕ್ಕೆ ಹಾಕಿದರು. ಯಾವುದೋ ದುರ್ಬಲ ಗಳಿಗೆಯಲ್ಲಿ ನಾನು ಒಂದು ಬೂದು ಬಯಲಿನ ಮೇಲೆ ಅದರಿಂದ ಪುಟ್ಟ ಸೂರ್ಯನನ್ನು ಇಟ್ಟೆ. ದಂತವೈದ್ಯರೊಬ್ಬರು ಆ ಚಿತ್ರವನ್ನು ಕೊಂಡು ಬಿಸಿಲು ಬೀಳುವ ಕಿಟಕಿಯ ಎದುರಿಗೇ ತೂಗುಹಾಕಿದರು. ಎಂಟು ತಿಂಗಳಿಗೆ ಅವರ ಫೋನು ಬಂತು: "ಸಾರ್, ನಿಮ್ಮ ಸೂರ್ಯ ಹೋಗ್ಬಿಟ್ಟ." ಹೋಗಿ ನೋಡಿದರೆ ನಿಜ, ಚಹಾದಲ್ಲಿ ಅದ್ದಿ ಮರೆತ ಬಿಸ್ಕತ್ತಿನಂತಾಗಿದ್ದ. ಆ ಉರಿಯಲ್ಲಿ ತಮಗೆ ನಾಲ್ಕು ಪುಟದ ದೂರು ಬರೆದೆ. ಬೆಳಕು ಕಂಡರೆ ಮೂರ್ಛೆ ಹೋಗುವ ಈ ಬಣ್ಣವನ್ನು ಕಲಾವಿದರ ಬಣ್ಣಗಳ ಸಾಲಿನಿಂದ ಕಿತ್ತುಹಾಕಿ, ರಸ್ತೆ ಅಗೆಯುವವರ ಅಡ್ಡಹಲಗೆಗೆ ಬಳಿಯಿರಿ, ಕಲೆ ಎಂದರೆ ಶಾಶ್ವತ, ಇತ್ಯಾದಿ ಇತ್ಯಾದಿ. 'ಶಾಶ್ವತ' ಎಂಬುದಕ್ಕೆ ಮೂರು ಸಲ ಅಡಿಗೆರೆ ಎಳೆದು, ಅಂಚೆಗೆ ಹಾಕಿ, ಮರೆತುಬಿಟ್ಟೆ.

ಮರೆಯದೆ ಏನು ಮಾಡಲಿ? ನಲ್ಲಿಯ ಬಗ್ಗೆ, ಬಸ್ ನಿಲ್ದಾಣದ ನಿಂತ ಗಡಿಯಾರದ ಬಗ್ಗೆ, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದಿನ ಬಗ್ಗೆ ನಾನು ಬರೆದ ದೂರುಗಳಲ್ಲಿ ಒಂದನ್ನಾದರೂ ಯಾರಾದರೂ ಕಿವಿಗೆ ಹಾಕಿಕೊಂಡದ್ದಿಲ್ಲ. ಆ ಭರವಸೆ ಇರುವುದರಿಂದಲೇ ಮನುಷ್ಯ ಧೈರ್ಯವಾಗಿ ದೂರು ಬರೆಯುತ್ತಾನೆ, ಮಾನ್ಯರೇ.

ಇದಾದ ಮೇಲೆ ನನ್ನ ಚಿತ್ರಗಳ ಪ್ರದರ್ಶನ ನಡೆಯಿತು. ಅಮ್ಮ ಬಂದಳು. ನನ್ನ ಯಾವ ಪ್ರದರ್ಶನವನ್ನೂ ತಪ್ಪಿಸದೆ, ಒಂದೊಂದು ಚಿತ್ರದ ಮುಂದೂ ನಿಂತು "ಚೆನ್ನಾಗಿದೆ ಕಣೋ" ಎನ್ನುವವಳು ಅವಳೊಬ್ಬಳೇ. ಅಂದು ಮೂವತ್ತು ಚಿತ್ರಗಳನ್ನು ದಾಟಿ, ಬಾಗಿಲ ಪಕ್ಕ ಗೋಡೆಗೆ ಸಿಕ್ಕಿಸಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ನನ್ನ ತೋಳು ಹಿಡಿದು, ಎಲ್ಲರಿಗೂ ಕೇಳುವಂತೆ, "ಇದೊಂದ್ ಮಾತ್ರ ನಿಜವಾಗ್ಲೂ ಚೆನ್ನಾಗ್ ಬಂದಿದೆ ನೋಡು" ಎಂದಳು. ಇಡೀ ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನೂ ನಕ್ಕೆ. ಅಕ್ಕ ಮಾತ್ರ ನಗದೆ, ಅಮ್ಮನ ಮುಖದ ಮುಂದೆ ಮೆಲ್ಲಗೆ ಕೈ ಆಡಿಸಿ ನೋಡಿದಳು.

ನೋಟದ ನಡುಭಾಗ ಸವೆದುಹೋಗಿದೆ, ಅಂಚಿನಲ್ಲಿ ಗಾಢವಾದದ್ದು ಏನಾದರೂ ಇದ್ದರೆ ಕಾಣಬಹುದು, ಅದೂ ಮೆಲ್ಲಮೆಲ್ಲಗೆ ಹೋಗುತ್ತದೆ ಎಂದರು ಕಣ್ಣಿನ ಡಾಕ್ಟರು. ಮನೆಯ ಮೂಲೆಮೂಲೆಯೂ ಕೈಗೆ ಅಭ್ಯಾಸವಾಗಿದ್ದರಿಂದ ನಮಗೆ ಸುಳಿವೇ ಸಿಕ್ಕಿರಲಿಲ್ಲ. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರೆ, "ಆಗಿರ್ಬೇಕು ನಾಲ್ಕ್ ವರ್ಷ. ನೀನ್ ಬೇಜಾರ್ ಮಾಡ್ಕೋತೀಯಲ್ಲ ಅಂತ ಸುಮ್ನಿದ್ದೆ" ಎಂದಳು. ಅಂದರೆ ನಾಲ್ಕು ವರ್ಷ ಅವಳು ಏನೂ ಕಾಣದ ಗೋಡೆಗಳಿಗೆ "ಚೆನ್ನಾಗಿದೆ" ಎಂದಿದ್ದಳು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಇದನ್ನು ಕಡತಕ್ಕೆ ಸೇರಿಸಬೇಕಾಗಿಲ್ಲ.

ಮರುವಾರ ಕಪಾಟು ಒರೆಸುವಾಗ ಆ ಕಿತ್ತಳೆಯ ಅರ್ಧ ಟ್ಯೂಬು ಕೈಗೆ ಸಿಕ್ಕಿತು. ಮುಚ್ಚಳವನ್ನು ಹಲ್ಲಿನಿಂದ ಕಚ್ಚಿ ತಿರುಗಿಸಿದ ರಭಸಕ್ಕೆ ಬಣ್ಣ ಪಿಚಕ್ಕೆಂದು ಹಾರಿ ಬಿಳಿ ಬಾಗಿಲ ಮೇಲೆ ಬಿತ್ತು. ಕೋಣೆಯ ಆಚೆ ತುದಿಯಲ್ಲಿ ಕೂತಿದ್ದ ಅಮ್ಮ ತಟ್ಟನೆ ತಲೆ ಎತ್ತಿ, "ಏನೋ ಅದು ಬಾಗ್ಲ ಮೇಲೆ?" ಎಂದಳು. ನಾನು ಬಾಯಲ್ಲಿ ಮುಚ್ಚಳ ಇಟ್ಟುಕೊಂಡೇ ಕುಣಿದೆ.

ಅಂಗಡಿಯಲ್ಲಿದ್ದ ಆರೂ ಟ್ಯೂಬುಗಳನ್ನು ಬಾಚಿ ತಂದೆ. ಮೆಟ್ಟಿಲುಗಳ ಅಂಚು ಕಿತ್ತಳೆಯಾಯಿತು. ಲೋಟದ ಹಿಡಿ, ಚಪ್ಪಲಿಯ ಪಟ್ಟಿ, ರೇಡಿಯೋದ ಗುಂಡಿ, ಬಚ್ಚಲಿನ ಚಿಲಕ, ಊರುಗೋಲು, ಎಲ್ಲ ಧಗಧಗ. ಬೆಕ್ಕು ಒದ್ದೆ ಮೆಟ್ಟಿಲ ಮೇಲೆ ಹೊರಳಿ ತಾನಾಗಿಯೇ ಕಿತ್ತಳೆಯಾಯಿತು, ಅದು ಅಡುಗೆಮನೆಗೆ ಕಾಲಿಟ್ಟರೆ ಸಾಕು, ಅಮ್ಮ "ಥೂ ಕಳ್ಳಿ!" ಎಂದು ಗದರುತ್ತಾಳೆ, ಪಾಪ ಅದರ ಹಾಲಿನ ಕಸುಬು ನೆಲಕಚ್ಚಿದೆ. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡೇ ನಮ್ಮ ಮನೆಗೆ ಬರುತ್ತಾಳೆ.

ಕೊನೆಗೆ ಆರಡಿಯ ಕ್ಯಾನ್ವಾಸಿಗೆ ಬಿಳಿ ಬಳಿದು, ಅದರ ಮೇಲೆ ತಮ್ಮ ಕಿತ್ತಳೆ ಮತ್ತು ಕಪ್ಪು ಎರಡರಲ್ಲೇ ನಮ್ಮ ಮನೆಯೆದುರಿನ ಬೀದಿಯನ್ನು ಬರೆದೆ. ಬೇರೆ ಬಣ್ಣ ಬೆರೆಸಿದರೆ ಆ ಹೊಳಪು ಸತ್ತುಹೋಗುತ್ತದೆ, ಫೋಟೋ ತೆಗೆದರೆ ಬರುವುದೇ ಇಲ್ಲ, ಅದರ ಜಂಭಕ್ಕೆ ನಾನೀಗ ತಲೆಬಾಗಿದ್ದೇನೆ. ಅಮ್ಮ ಕತ್ತನ್ನು ಆ ಕಡೆ ಈ ಕಡೆ ವಾಲಿಸಿ, ಕಣ್ಣಿನ ಅಂಚಿನಿಂದ ಇಷ್ಟಿಷ್ಟೇ ಹುಡುಕಿ ಹುಡುಕಿ ನೋಡಿದಳು. ಆಮೇಲೆ ಶುರುವಾಯಿತು: "ದರ್ಜಿ ಅಂಗ್ಡಿ ಯಾಕೋ ಹಂಗ್ ವಾಲ್ಕೊಂಡಿದೆ? ಮರಕ್ಕೆ ಬುಡಾನೇ ಇಲ್ವಲ್ಲ! ಆ ಕ್ಷೌರದವ್ನ ಕೈ ನೋಡು, ಹಾರೆ ಇದ್ದಂಗಿದೆ. ಇಷ್ಟ್ ವರ್ಷ ಇದನ್ನೇ ಬರೀತಿದ್ಯಾ ನೀನು?" ಅಯ್ಯೋ ಮಾನ್ಯರೇ, ಆ ಸುಖವನ್ನು ಹೇಗೆ ಹೇಳಲಿ! ನನ್ನ ಚಿತ್ರವನ್ನು ಅಷ್ಟು ಗಮನವಿಟ್ಟು ನೋಡಿ ಯಾರೂ ಉಗಿದಿರಲಿಲ್ಲ. ಮರಕ್ಕೆ ಬುಡ ಕೊಟ್ಟೆ, ದಪ್ಪವಾಯಿತೆಂದಳು. ಸಣ್ಣ ಮಾಡಿದೆ, ಮರವೇ ಬೀಳುತ್ತದೆಂದಳು. ದಿನಾ ಬೆಳಿಗ್ಗೆ ಚಹಾ ಹಿಡಿದು ಬಂದು ಬೈಯುತ್ತಾಳೆ, ದಿನಾ ನಾನು ತಿದ್ದುತ್ತೇನೆ, ಹೀಗೆ ಮೂರು ತಿಂಗಳಿಗೆ ಆರೂ ಟ್ಯೂಬು ಖಾಲಿಯಾದವು.

ಅಂಗಡಿಗೆ ಓಡಿದೆ. ಅಂಗಡಿಯವರು, "ಆ ಬಣ್ಣ ನಿಲ್ಸಿಬಿಟ್ರಂತೆ ಸಾರ್. ಯಾರೋ ಪುಣ್ಯಾತ್ಮ ನಾಲ್ಕ್ ಪುಟ ಕಂಪ್ಲೇಂಟ್ ಬರ್ದಿದ್ನಂತೆ" ಎಂದರು. ಮನೆಗೆ ಬಂದರೆ ತಮ್ಮ ಪತ್ರ ಕಾಯುತ್ತಿತ್ತು: ನನ್ನ ಅಮೂಲ್ಯ ಸಲಹೆಯನ್ನು ಶಿರಸಾವಹಿಸಿ ಆ ಬಣ್ಣದ ತಯಾರಿಕೆ ನಿಲ್ಲಿಸಿದ್ದೀರಿ, ನನ್ನ ದೂರಿಗೆ ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗುಹಾಕಿದ್ದೀರಿ, ಕೃತಜ್ಞತೆಯ ಕುರುಹಾಗಿ ಹನ್ನೆರಡು ಬಗೆಯ ಕಂದು ಬಣ್ಣಗಳ ಪೆಟ್ಟಿಗೆಯನ್ನೂ ಕಳಿಸಿದ್ದೀರಿ.

ಮಹಾಸ್ವಾಮಿ, ಇದೇನು ಮಾಡಿಬಿಟ್ಟಿರಿ! ಲೋಕದ ಸಮಸ್ತ ಕಚೇರಿಗಳಲ್ಲಿ ದೂರುಗಳು ಧೂಳು ಹೊದ್ದು ಸುಖವಾಗಿ ಮಲಗಿರುವಾಗ ತಾವೊಬ್ಬರೇ ಎಚ್ಚರವಾಗಿದ್ದು ನನ್ನದನ್ನೇ ಓದಬೇಕಿತ್ತೇ? ಓದಿದ್ದು ಸಾಲದೆಂದು ಕ್ರಮವನ್ನೂ ಕೈಗೊಳ್ಳುವುದೇ? ತಮ್ಮ ಈ ದಕ್ಷತೆಯನ್ನು ಕೊಂಡಾಡಲು ನನ್ನಲ್ಲಿ ಮಾತಿಲ್ಲ, ಇದ್ದ ಮಾತುಗಳು ಬರೆಯುವಂಥವಲ್ಲ. ಆದ್ದರಿಂದ ವಿನಯಪೂರ್ವಕ ಬೇಡಿಕೆಗಳು ಇವು: ನನ್ನ ದೂರನ್ನು ಚೌಕಟ್ಟಿನಿಂದ ಇಳಿಸಿ ಹರಿದುಹಾಕುವುದು, ಅದನ್ನು ಓದಿದ ಗುಮಾಸ್ತರಿಗೆ ಬಡ್ತಿ ಕೊಟ್ಟು ಯಾರೂ ಪತ್ರ ಬರೆಯದ ವಿಭಾಗಕ್ಕೆ ಕಳಿಸುವುದು, ಗೋದಾಮಿನಲ್ಲಿ ಉಳಿದ, ನೆಲಕ್ಕೆ ಚೆಲ್ಲಿ ಒಣಗಿದ, ಕೆಲಸಗಾರರ ಉಗುರು ಸಂದಿಯಲ್ಲಿ ಸಿಕ್ಕಿಕೊಂಡ ಅಷ್ಟೂ ಕಿತ್ತಳೆಯನ್ನು ಕೆರೆದು ಕಳಿಸುವುದು, ಯಂತ್ರ ತೊಳೆದ ನೀರಾದರೂ ಆದೀತು.

ಕಿಟಕಿಯಿಂದ ದೂರ ಇಟ್ಟರೂ ಈ ಬಣ್ಣ ಮೂರು ವರ್ಷಕ್ಕಿಂತ ಹೆಚ್ಚು ಬಾಳದು, ಆದ್ದರಿಂದ ಕಲೆಗೆ ಯೋಗ್ಯವಲ್ಲ ಎಂದು ತಮ್ಮ ತಜ್ಞರು ಪತ್ರದಲ್ಲಿ ಒಪ್ಪಿಕೊಂಡಿದ್ದಾರೆ. ಕಣ್ಣಿನ ಡಾಕ್ಟರು ಅಮ್ಮನ ಉಳಿದ ನೋಟಕ್ಕೆ ಹೇಳಿರುವುದು ಎರಡು ವರ್ಷ. ಒಂದು ವರ್ಷ ಹೆಚ್ಚೇ ಆಯಿತು, ಮಾನ್ಯರೇ. ಕಳಿಸಿಕೊಡಿ.

ತಮ್ಮ ವಿಶ್ವಾಸಿ,
ಬೀದಿಯ ಚಿತ್ರವನ್ನು ಇನ್ನೂ ಮುಗಿಸಿರದ ಚಿತ್ರಕಾರ

ಮರೆತ ಮಾತು: ಈ ಪತ್ರವನ್ನು ಅಮ್ಮನಿಗೆ ಓದಿ ಹೇಳಿದೆ. "ಕಳಿಸ್ದಿದ್ರೆ ವಿಳಾಸ ಕೊಡು, ನಾನೇ ಹೋಗ್ ಮಾತಾಡ್ತೀನಿ" ಎಂದಳು, ಕೊಟ್ಟಿದ್ದೇನೆ. ಅವಳಿಗೆ ಮುಖಗಳು ಕಾಣುವುದಿಲ್ಲವಾದ್ದರಿಂದ ಎದುರಿಗೆ ಸಿಕ್ಕ ಪ್ರತಿಯೊಬ್ಬರನ್ನೂ ತಾವೆಂದೇ ತಿಳಿದು ತರಾಟೆಗೆ ತೆಗೆದುಕೊಳ್ಳುತ್ತಾಳೆ. ನಿರಪರಾಧಿಗಳ ಹಿತದೃಷ್ಟಿಯಿಂದ ಆ ದಿನ ತಾವು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬಾಗಿಲಲ್ಲೇ ನಿಂತಿರುವುದು ಲೇಸು.